ನಡುವಿನ ಮಹಡಿ

ಗಂಡನ ಬೆಲ್ಟಿನಿಂದ ಕೀಲಿಗೊಂಚಲು ಬಿಚ್ಚಲು ಅವಳು ಹೆಣಗುತ್ತಿದ್ದಳು. ಬಟ್ಟೆ ತೊಡಿಸಿದ ಪಕ್ಕದ ಅಂಗಡಿಯವರು ಕೋಟು, ಟೈ, ಬೆಲ್ಟು ಎಲ್ಲ ಮುಗಿಸಿ ಅಭ್ಯಾಸಬಲದಿಂದ ಗೊಂಚಲನ್ನೂ ಸಿಕ್ಕಿಸಿಬಿಟ್ಟಿದ್ದರು. ಕೀಲಿಗೊಂಚಲಿಲ್ಲದ ಬೀಗದವನನ್ನು ಆ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಶವಪೆಟ್ಟಿಗೆಯ ಆ ಬದಿಯಲ್ಲಿ ಅವನ ಅಕ್ಕ ಬಗ್ಗಿ ನಿಂತು, ತಮ್ಮನ ಸೆಟೆದ ಬೆರಳುಗಳ ನಡುವೆ ಜಪಮಾಲೆ ತೂರಿಸುತ್ತಿದ್ದಳು. ಹಿತ್ತಾಳೆಯ ಪುಡಿ ಕೂತು ಕಪ್ಪಾಗಿದ್ದ ಅವನ ಉಗುರುಗಳು ಎಷ್ಟು ತೊಳೆದರೂ ಬಿಳುಪಾಗಿರಲಿಲ್ಲ.

"ಅದನ್ನ ಆಮೇಲೆ ಬಿಚ್ಚುವೆಯಂತೆ. ಮೊದಲು ನನ್ನ ಮಾತಿಗೆ ಉತ್ತರ ಕೊಡು," ಎಂದಳು ಅಕ್ಕ.

"ಏನಂತ ಕೊಡಲಿ ಅಕ್ಕ?"

"ಮುಳುಗಿಸಲ್ಲ ಅಂತ. ಮುಚ್ಚಳ ಹಾಕೋಕೆ ಮುಂಚೆ ಇವನ ಮುಂದೆ ನಿಂತು ಹೇಳಿಬಿಡು. ನನ್ನ ತಮ್ಮನ ಹೆಸರಲ್ಲಿ ಯಾರನ್ನೂ ನೀರಿಗಿಳಿಸಲ್ಲ ಅಂತ."

ಕೇಳಿದ್ದು ಇಷ್ಟೇ ಆದರೂ ಅದರ ಹಿಂದೆ ಹತ್ತಿರ ಹತ್ತಿರ ಮೂವತ್ತು ವರ್ಷದ ಜಗಳವಿತ್ತು. ಬೀಗದವನೂ ಅವನ ಅಕ್ಕನೂ ಹುಟ್ಟು ಕ್ಯಾಥೊಲಿಕರು. ಅವನ ಹೆಂಡತಿಯೂ ಹಾಗೆಯೇ ಹುಟ್ಟಿ, ಚರ್ಚಿನಲ್ಲೇ ಮದುವೆಯಾಗಿ, ಆಮೇಲೆ ಮಾರ್ಮನ್ ಎಂಬ ಬೇರೆ ಕ್ರೈಸ್ತ ಪಂಥಕ್ಕೆ ಸೇರಿದವಳು. ಮಾರ್ಮನರಲ್ಲಿ ಒಂದು ಪದ್ಧತಿಯಿದೆ. ಸತ್ತವರ ಹೆಸರಿನಲ್ಲಿ ಬದುಕಿರುವವರೊಬ್ಬರು ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಳ್ಳುತ್ತಾರೆ. ಸತ್ತವನು ಆ ಲೋಕದಲ್ಲಿ ಅದನ್ನು ಒಪ್ಪಬಹುದು, ಬಿಡಬಹುದು. ಒಪ್ಪಿದರೆ ಗಂಡ ಹೆಂಡತಿಯ ಗಂಟನ್ನು ಸಾವೂ ಬಿಚ್ಚಲಾರದ ಹಾಗೆ ಮುದ್ರೆಯೊತ್ತಿ ಕಟ್ಟುತ್ತಾರೆ. ಇದಕ್ಕೆಲ್ಲ ಹೆಂಡತಿಯ ಒಪ್ಪಿಗೆ ಸಾಕು, ಅಕ್ಕನನ್ನು ಕೇಳುವವರಿಲ್ಲ. ಅಕ್ಕನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕೇ.

"ಹುಟ್ಟಿದ ವಾರದಲ್ಲೇ ಇವನಿಗೆ ನೀರು ಹಾಕಿಸಿದೀವಿ. ನಾನೇ ಮೇಣದಬತ್ತಿ ಹಿಡ್ಕೊಂಡು ನಿಂತಿದ್ದೆ. ಇನ್ನೊಂದು ಸಲ ಅಂದ್ರೆ ಮೊದಲನೇದು ಸುಳ್ಳು ಅಂದ ಹಾಗೆ."

"ಸುಳ್ಳು ಅಂತ ನಾನು ಯಾವತ್ತೂ ಅಂದಿಲ್ಲ."

"ನೀನು ಅನ್ನಲ್ಲ. ನಿಮ್ಮ ಬಿಷಪ್ಪು ಅಂತಾನೆ."

ಆ ಪದ ಅಕ್ಕನ ಬಾಯಲ್ಲಿ ಬಂದಾಗಲೆಲ್ಲ ಸ್ವಲ್ಪ ಸೊಟ್ಟಗಾಗಿಯೇ ಬರುತ್ತಿತ್ತು. ತಮ್ಮನ ಹೆಂಡತಿಯ ಸಭೆಯ ಬಿಷಪ್ ವಾರವಿಡೀ ಫ್ರಿಜ್ ರಿಪೇರಿ ಮಾಡಿ ಭಾನುವಾರ ಟೈ ಕಟ್ಟಿಕೊಂಡು ಬರುವವನು. ಬಿಷಪ್ ಎಂದರೆ ಕೈಯಲ್ಲಿ ಉಂಗುರವಿರಬೇಕು. ಸ್ಪ್ಯಾನರ್ ಹಿಡಿದ ಬಿಷಪ್ಪನನ್ನು ಒಪ್ಪಿಕೊಳ್ಳುವುದು ಅಕ್ಕನಿಂದ ಆಗುವ ಕೆಲಸವಾಗಿರಲಿಲ್ಲ. ಹೋದ ವಾರ ಆಸ್ಪತ್ರೆಯಲ್ಲಿ ಆ ಫ್ರಿಜ್ಜಿನವನು ಬಂದು, ತನ್ನ ಕೀಲಿಗೊಂಚಲಿಗೆ ನೇತುಹಾಕಿದ್ದ ಪುಟ್ಟ ಕೊಳವೆಯಿಂದ ಒಂದು ಹನಿ ಎಣ್ಣೆ ರೋಗಿಯ ನೆತ್ತಿಗೆ ಹಾಕಿ ಪ್ರಾರ್ಥನೆ ಮಾಡಿ ಹೋಗಿದ್ದ. ಸುದ್ದಿ ತಿಳಿದ ಅಕ್ಕ ಸಂಜೆಯೊಳಗೆ ಪಾದ್ರಿಯನ್ನು ಕರೆತಂದು ಹಣೆಗೂ ಅಂಗೈಗೂ ಎಣ್ಣೆ ಹಚ್ಚಿಸಿದ್ದಳು. ಬೀಗದವನು ಮಲಗಿದ್ದಲ್ಲಿಂದಲೇ, "ಎರಡು ಕಡೆಯವರೂ ಎಣ್ಣೆ ಬಿಟ್ರಿ. ಇನ್ನು ಬಾಗಿಲು ಕಿರ್ ಅನ್ನದೆ ತೆಗೆಯುತ್ತೆ," ಎಂದು ನಕ್ಕಿದ್ದ. ಫ್ರಿಜ್ಜಿನವನ ಕೊಳವೆಯನ್ನು ಹಿತ್ತಾಳೆಯಲ್ಲಿ ಕಡೆದು ಕೊಟ್ಟವನೂ ಅವನೇ. ಅಂಗಡಿಯಲ್ಲಿ ಸಿಗುವವು ಸೋರುತ್ತವೆಂದು ಅವಳ ಸಭೆಯವರೆಲ್ಲ ಅವನ ಹತ್ತಿರವೇ ಮಾಡಿಸಿಕೊಂಡಿದ್ದರು.

ಗೊಂಚಲು ಕಳಚಿ ಅವಳ ಕೈಗೆ ಬಂತು. ಹೊರಗೆ ಗಾಡಿ ಬಂದು ನಿಂತ ಸದ್ದು ಕೇಳಿಸಿತು.

"ಹೇಳು," ಎಂದಳು ಅಕ್ಕ.

"ಆಮೇಲೆ ಹೇಳ್ತೀನಿ."

"ಆಮೇಲೆ ಅಂದ್ರೆ ಯಾವಾಗ? ಮಣ್ಣು ಹಾಕಿದ ಮೇಲಾ?"

ಚರ್ಚಿನಲ್ಲಿ ನಾಲ್ಕು ಜನರೆದುರು ಅಕ್ಕ ಇದೇ ಮಾತು ಎತ್ತಿದರೆ ಏನು ಮಾಡುವುದೆಂದು ನಿನ್ನೆಯಿಂದ ಅವಳಿಗೆ ಅನ್ನ ನೀರು ಇಳಿದಿರಲಿಲ್ಲ.

* * *

ಮದುವೆಯಾಗಿ ಮೂರನೆಯ ವರ್ಷ ಅವರಿಗೊಂದು ಹೆಣ್ಣುಮಗು ಹುಟ್ಟಿ ಎರಡು ದಿನ ಬದುಕಿತ್ತು. ಅವಳು ಜ್ವರದಲ್ಲಿ ಬೇರೆ ವಾರ್ಡಿನಲ್ಲಿದ್ದಳು. ಮಗು ಗಾಜಿನ ಪೆಟ್ಟಿಗೆಯಲ್ಲಿತ್ತು. ಅವಳು ಅದನ್ನು ಕಂಡದ್ದು ಒಂದೇ ಸಲ, ಟವೆಲಿನಲ್ಲಿ ಸುತ್ತಿದ ಮೇಲೆ. ಊರಿನಿಂದ ಓಡಿಬಂದ ಅಕ್ಕ ಬಾಗಿಲಲ್ಲಿ ನಿಂತು ಕೇಳಿದ ಮೊದಲ ಮಾತು, "ನೀರು ಹಾಕಿಸಿದ್ರಾ?" ಬೀಗದವನು ತಲೆ ತಗ್ಗಿಸಿದ. ಇಲ್ಲವೆಂದು ತಿಳಿಯಲು ಹಾಸಿಗೆಯಲ್ಲಿದ್ದ ಅವಳಿಗೆ ಅಷ್ಟು ಸಾಕಾಯಿತು.

ದೀಕ್ಷಾಸ್ನಾನವಾಗದ ಕೂಸುಗಳನ್ನು ಆಗ ಸಮಾಧಿಸ್ಥಳದ ಕೊನೆಯಲ್ಲಿ, ಗೋಡೆಗೆ ಒತ್ತಿಕೊಂಡ ಸಾಲಿನಲ್ಲಿ ಮಣ್ಣು ಮಾಡುತ್ತಿದ್ದರು. ಮಗು ಎಲ್ಲಿಗೆ ಹೋಯಿತೆಂದು ಅವಳು ಪಾದ್ರಿಯನ್ನು ಕೇಳಿದಳು. "ದೇವರ ಕರುಣೆಗೆ ಬಿಡೋಣಮ್ಮ," ಎಂದರು ಅವರು. ಒಳ್ಳೆಯ ಮನುಷ್ಯ, ಒಳ್ಳೆಯ ಮಾತು. ಆದರೆ ಅವಳಿಗೆ ಬೇಕಿದ್ದದ್ದು ಬಿಡುವ ಮಾತಲ್ಲ, ಹಿಡಿದುಕೊಳ್ಳುವ ಮಾತು.

ಅದೇ ದಿನಗಳಲ್ಲಿ ಬಿಳಿ ಅಂಗಿಯ ಇಬ್ಬರು ಮಾರ್ಮನ್ ಪ್ರಚಾರಕರು ಬಾಗಿಲು ತಟ್ಟಿದರು. ಅವರಿಗೆ ಬಾಯಿಪಾಠವಾಗಿದ್ದದ್ದನ್ನು ಹೇಳಲು ಅವಳು ಬಿಡಲೇ ಇಲ್ಲ. ನೀರು ಹಾಕಿಸದ ಮಗು ಎಲ್ಲಿಗೆ ಹೋಗುತ್ತದೆ ಎಂದು ಹೊಸಿಲಲ್ಲೇ ಕೇಳಿದಳು. ಚಿಕ್ಕ ಮಕ್ಕಳಿಗೆ ದೀಕ್ಷಾಸ್ನಾನ ಬೇಕಾಗಿಯೇ ಇಲ್ಲ, ಅವು ನೇರ ದೇವರ ಹತ್ತಿರ ಹೋಗುತ್ತವೆ, ತಾಯಿ ತಂದೆಗೆ ಮುದ್ರೆಯಾದರೆ ಮಗು ಮತ್ತೆ ಅವರದೇ ಎಂದು ಅವರಲ್ಲಿ ಎತ್ತರದವನು ಹೇಳಿದ. ಅವಳು ಅವರನ್ನು ಒಳಗೆ ಕರೆದು ಕೂರಿಸಿದಳು. ಉಳಿದ ಸಿದ್ಧಾಂತವೆಲ್ಲ ಆಮೇಲೆ ಬಂತು.

ಬೀಗದವನು ತಡೆಯಲಿಲ್ಲ, ಜೊತೆಗೂ ಹೋಗಲಿಲ್ಲ. ವಾದ ಮಾತ್ರ ಮಾಡಿದ, ದಿನವೂ ಬೆಳಿಗ್ಗೆ, ತನ್ನ ಕಾಫಿ ಕುಡಿಯುತ್ತ. ಕಾಫಿ ಮಾರ್ಮನರಿಗೆ ನಿಷಿದ್ಧ. ಬಾಯಿಗಿಡದ ಕಾಫಿಯನ್ನು ಅವಳು ಬಣ್ಣ ನೋಡಿಯೇ ಹದ ಮಾಡುತ್ತಿದ್ದಳು.

"ದೇವರು ಮೊದಲನೇ ಪೋಪ್ ಪೇತ್ರನಿಗೆ ಕೊಟ್ಟ ಸ್ವರ್ಗದ ಕೀಲಿ ಈಗ ನಮ್ಮ ಪೋಪ್ ಹತ್ತಿರ ಇದೆ," ಎನ್ನುತ್ತಿದ್ದ.

"ಅದು ಯಾವತ್ತೋ ಕಳೆದುಹೋಯ್ತು. ಅದಕ್ಕೇ ನಮ್ಮ ಪ್ರವಾದಿಗೆ ಹೊಸದಾಗಿ ಕೊಟ್ಟದ್ದು."

"ಕೀಲಿ ಕಳೆದಿದೆ ಅಂತ ನನ್ನ ಹತ್ತಿರ ಬರೋರಲ್ಲಿ ಅರ್ಧ ಜನರ ಕೀಲಿ ಅವರ ಜೇಬಲ್ಲೇ ಇರುತ್ತೆ ಕಣೇ."

ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂದು ಅವನು. ಮೂವರೂ ಬೇರೆ ಬೇರೆ, ತಂದೆಗೂ ನಮ್ಮ ಹಾಗೆ ಮೈ ಕೈ ಇದೆ ಎಂದು ಅವಳು. "ಕೈ ಇದ್ರೆ ಒಳ್ಳೇದೇ. ಈ ಪ್ರಪಂಚದ ಬೀಗ ಬರಿಯ ಬಾಯಿಮಾತಿಗೆ ತೆಗೆಯೋ ಥರದ್ದಲ್ಲ," ಎಂದು ಅವನು ಲೋಟ ಕೆಳಗಿಡುತ್ತಿದ್ದ. ಪೋಪನಿಂದ ಹಿಡಿದು ಕಾಫಿಯವರೆಗೆ ಅವರು ಜಗಳವಾಡದ ವಿಷಯವಿರಲಿಲ್ಲ. ಮಗುವಿನ ವಿಷಯವೊಂದನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

* * *

ಚರ್ಚಿನಲ್ಲಿ ಮಾರ್ಮನ್ ಸಭೆಯವರು ಹಿಂದಿನ ಬೆಂಚಿನಲ್ಲಿ ಸಾಲಾಗಿ ಕೂತಿದ್ದರು. ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ತಿಳಿಯದೆ, ಎಲ್ಲರೂ ಎದ್ದ ಮೇಲೆ ಏಳುತ್ತ, ಎಲ್ಲರೂ ಕೂತ ಮೇಲೆ ಕೂರುತ್ತ ಬೆವರುತ್ತಿದ್ದರು. ಫ್ರಿಜ್ಜಿನವನ ಕೀಲಿಗೊಂಚಲು ಪ್ರತಿ ಸಲವೂ ಝಣ್ ಎನ್ನುತ್ತಿತ್ತು. ಆ ಸದ್ದಿಗೆ ಅಕ್ಕನ ಕುತ್ತಿಗೆ ಬಿಗಿಯಾಗುವುದನ್ನು ಪಕ್ಕದಲ್ಲಿದ್ದ ಅವಳು ನೋಡುತ್ತಿದ್ದಳು.

ಪಾದ್ರಿ ವಯಸ್ಸಾದವರು. ಬೀಗದವನ ಮದುವೆ ಮಾಡಿಸಿದವರೂ ಅವರೇ. "ಸಾವು ನಮ್ಮನ್ನು ಅಗಲಿಸುವವರೆಗೆ ಅಂತ ಇದೇ ಜಾಗದಲ್ಲಿ ಇವರಿಬ್ಬರೂ ಮಾತು ಕೊಟ್ಟಿದ್ದರು. ಕೊಟ್ಟ ಮಾತನ್ನು ನಮ್ಮ ಬೀಗದಣ್ಣ ಪೂರ್ತಿ ನಡೆಸಿದ," ಎಂದರು.

ಮೆಚ್ಚುಗೆಯ ಮಾತು ಅದು. ಅವಳಿಗೆ ಮಾತ್ರ ಲೆಕ್ಕ ಮುಗಿಸಿದ ಹಾಗೆ ಕೇಳಿಸಿತು. ಇವರ ಪ್ರಕಾರ ನಿನ್ನೆ ಸಂಜೆಗೆ ಮದುವೆ ಮುಗಿದಿದೆ. ತನ್ನವರ ಪ್ರಕಾರ ಸಾವಿನಾಚೆಯ ಮದುವೆ ಇನ್ನೂ ಆಗಿಯೇ ಇಲ್ಲ. ಹಾಗಾದರೆ ಈ ಹೊತ್ತಿನಲ್ಲಿ, ಈ ಬೆಂಚಿನಲ್ಲಿ ಕೂತಿರುವ ತಾನು ಆ ಪೆಟ್ಟಿಗೆಯಲ್ಲಿರುವವನಿಗೆ ಏನಾಗಬೇಕು? ಅಕ್ಕನಿಗೆ ಅವನು ಇಂದಿಗೂ ತಮ್ಮನೇ, ಅದನ್ನು ಯಾವ ಸಿದ್ಧಾಂತವೂ ಕಿತ್ತುಕೊಳ್ಳುವುದಿಲ್ಲ. ಅಕ್ಕನ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು. ಮಡಿಲಲ್ಲಿದ್ದ ಕೀಲಿಗೊಂಚಲನ್ನು ಅಂಗೈ ನೋಯುವಷ್ಟು ಹಿಡಿದುಕೊಂಡಳು.

ಪ್ರಸಾದ ತೆಗೆದುಕೊಳ್ಳಲು ಎಲ್ಲರೂ ಸಾಲು ನಿಂತರು. ಅವಳು ಕೂತೇ ಇದ್ದಳು. ವಾಪಸ್ಸು ಬಂದ ಅಕ್ಕ ಮಂಡಿಯೂರಿದವಳೇ, ತಲೆ ಎತ್ತದೆ, ಪಿಸುಗುಟ್ಟಿದಳು.

"ಪ್ರತಿ ತಿಂಗಳೂ ಇವನ ಆತ್ಮಕ್ಕೆ ಒಂದು ಪೂಜೆ ಹೇಳಿಸ್ತೀನಿ. ಸ್ವರ್ಗಕ್ಕೆ ಹೋಗೋಕೆ ಮುಂಚೆ ಶುದ್ಧೀಕರಣ ಸ್ಥಳದಲ್ಲಿ ಇವನು ಜಾಸ್ತಿ ದಿನ ಇರಬಾರದು. ನಾನು ಒಂದು ಕಡೆಯಿಂದ ಮೇಲಕ್ಕೆ ಎಳೀತಿರುವಾಗ ನೀನು ಇನ್ನೊಂದು ಕಡೆ ಎಳೀಬೇಡ. ಅಷ್ಟೇ ನಾನು ಕೇಳೋದು."

* * *

ಭಾನುವಾರ ಇಬ್ಬರೂ ಒಟ್ಟಿಗೇ ಮನೆ ಬಿಡುತ್ತಿದ್ದರು. ಮುಚ್ಚಿಹೋದ ಫೋಟೋ ಸ್ಟುಡಿಯೋದ ಮೂಲೆಯಲ್ಲಿ ರಸ್ತೆ ಕವಲೊಡೆಯುತ್ತಿತ್ತು. ಅವನು ಎಡಕ್ಕೆ, ಚರ್ಚಿಗೆ. ಅವಳು ಬಲಕ್ಕೆ, ಪೀಠೋಪಕರಣದ ಅಂಗಡಿಯ ಮೇಲೆ ಬಾಡಿಗೆಗೆ ಹಿಡಿದಿದ್ದ ಸಭಾಂಗಣಕ್ಕೆ. ಅವನ ಪೂಜೆ ಬೇಗ ಮುಗಿಯುತ್ತಿತ್ತು. ಅವಳದು ಪಾಠ, ಹಾಡು, ಸಾಕ್ಷಿ ಎಂದು ಉದ್ದಕ್ಕೆ ಬೆಳೆಯುತ್ತಿತ್ತು. ಹಾಗಾಗಿ ಕಾಯುವವನು ಯಾವಾಗಲೂ ಅವನೇ. ಸ್ಟುಡಿಯೋದ ಶಟರಿಗೆ ಬೆನ್ನು ಕೊಟ್ಟು, ಅವಳು ಬರುವ ರಸ್ತೆಯನ್ನೇ ನೋಡುತ್ತ ನಿಂತಿರುತ್ತಿದ್ದ. ಸುಮ್ಮನೆ ನಿಂತು ಗೊತ್ತಿಲ್ಲದ ಕೈ, ಆ ಶಟರಿನ ತುಕ್ಕು ಹಿಡಿದ ಬೀಗಕ್ಕೆ ತನ್ನ ಗೊಂಚಲಿನಲ್ಲೂ ಇದ್ದ ಅಂಥದೇ ಹಿತ್ತಾಳೆ ಕೊಳವೆಯಿಂದ ಒಂದು ಹನಿ ಎಣ್ಣೆ ಬಿಡುತ್ತಿತ್ತು.

"ಅದರ ಓನರ್ ಊರು ಬಿಟ್ಟೇ ಎಷ್ಟೋ ಕಾಲ ಆಯ್ತು. ಯಾರೂ ತೆಗೆಯದ ಬೀಗಕ್ಕೆ ಯಾಕ್ರೀ ಎಣ್ಣೆ?"

"ಬೀಗಕ್ಕೆ ಅದು ಗೊತ್ತಿಲ್ವಲ್ಲ."

ಒಂದು ಭಾನುವಾರ ಅವಳು ಸ್ವರ್ಗದ ಪಾಠ ಕೇಳಿ ಬಂದಿದ್ದಳು. ಮಾರ್ಮನರ ಸ್ವರ್ಗಕ್ಕೆ ಮೂರು ಹಂತ. ಅವನು ಅದನ್ನು ಮೂರು ಮಹಡಿ ಎಂದು ಕರೆದ.

"ನಾನು ಎಷ್ಟನೇ ಮಹಡಿ?"

"ಒಳ್ಳೆಯವರು, ಆದರೆ ಒಪ್ಪಿಕೊಳ್ಳದವರು, ನಡುವಿನದ್ದು," ಎಂದಳು ಅವಳು. "ನೀವು ಮುಂಚೆ ಹೋದ್ರೆ, ನಿಮ್ಮ ಹೆಸರಲ್ಲಿ ಸ್ನಾನ ಮಾಡಿಸಲಾ?"

"ಬೇಡ," ಎಂದ ಅವನು. ಅಂಗಡಿ ಬೇಗ ಮುಚ್ಚು ಎಂದರೆ ಮುಚ್ಚುವವನು, ಆ ಅಂಗಿ ಬೇಡ ಎಂದರೆ ಬಿಚ್ಚುವವನು, ಇದೊಂದಕ್ಕೆ ಮಾತ್ರ ಪ್ರತಿ ಸಲವೂ ಬೇಡ ಎನ್ನುತ್ತಿದ್ದ. ಸ್ವಲ್ಪ ದೂರ ನಡೆದ ಮೇಲೆ ಕೇಳಿದ. "ಮೇಲಿನವರು ಕೆಳಗೆ ಬರೋಕೆ ಬಿಡ್ತಾರಾ?"

"ಬರಬಹುದಂತೆ. ಕೆಳಗಿನವರು ಮೇಲೆ ಹೋಗೋ ಹಾಗಿಲ್ಲ."

"ಹಾಗಿದ್ರೆ ಭಾನುವಾರ ಬಾ. ಮೂಲೆಯಲ್ಲಿ ನಿಂತಿರ್ತೀನಿ."

* * *

ಒಂದು ಪೂಜೆಯನ್ನೂ ತಪ್ಪಿಸದ ಮನುಷ್ಯ ತನಗಾಗಿ ಗೋಡೆ ಪಕ್ಕದ ಕೊನೆಯ ಸಾಲಿನ ಜಾಗವನ್ನು ಯಾಕೆ ಹಿಡಿದಿಟ್ಟಿದ್ದನೆಂದು ಸಮಾಧಿಸ್ಥಳದಲ್ಲಿ ಜನ ಗುಸುಗುಸು ಮಾತಾಡಿಕೊಂಡರು. ಅವಳಿಗೆ ಗೊತ್ತಿತ್ತು. ಎರಡು ಮೊಳ ಆಚೆ ಹೆಸರಿಲ್ಲದ ಒಂದು ಪುಟ್ಟ ಕಲ್ಲಿತ್ತು.

ಪಾದ್ರಿ ಪವಿತ್ರ ಜಲ ಚಿಮುಕಿಸಿ ಪ್ರಾರ್ಥನೆ ಮುಗಿಸಿದರು. ಫ್ರಿಜ್ಜಿನವನು ಮುಂದೆ ಬಂದು ಕೈ ಹೊಸಕುತ್ತ, "ಫಾದರ್, ಸಮಾಧಿಗೆ ನಾವೂ ಒಂದು ಪ್ರಾರ್ಥನೆ ಹೇಳೋದುಂಟು..." ಎಂದು ತಡವರಿಸಿದ.

"ಹೇಳಪ್ಪ. ಪ್ರಾರ್ಥನೆ ಜಾಸ್ತಿಯಾಗಿ ಯಾರಿಗೂ ತೊಂದರೆ ಆದದ್ದಿಲ್ಲ," ಎಂದರು ಪಾದ್ರಿ.

ಪುನರುತ್ಥಾನದ ದಿನದವರೆಗೆ ಈ ಜಾಗವನ್ನು ಕಾಪಾಡು ಎಂದು ಅವನು ಬೇಡಿಕೊಳ್ಳುತ್ತಿರುವಷ್ಟು ಹೊತ್ತೂ ಅಕ್ಕ ಜಪಮಾಲೆಯ ಮಣಿ ಎಣಿಸುತ್ತ ಅವನಿಗಿಂತ ಒಂದು ಪಟ್ಟು ಹೆಚ್ಚೇ ಜೋರಾಗಿ ಮಾತೆ ಮರಿಯಳನ್ನು ಕರೆದಳು. ಯಾರ ಪ್ರಾರ್ಥನೆ ಮೊದಲು ತಲುಪಿತೋ ದೇವರಿಗೇ ಗೊತ್ತು. ಜನ ಕೈ ಮುಗಿದು, ಮಣ್ಣು ಹಾಕಿ, ಒಬ್ಬೊಬ್ಬರಾಗಿ ಗೇಟಿನ ಕಡೆ ನಡೆದರು. ಕೊನೆಗೆ ಇಬ್ಬರು ಹೆಂಗಸರು ಉಳಿದರು.

"ಮುಚ್ಚಳವೂ ಬಿತ್ತು, ಮಣ್ಣೂ ಬಿತ್ತು. ಈಗಲಾದರೂ ಹೇಳು," ಎಂದಳು ಅಕ್ಕ. ಬೆಳಗಿನ ಬಿರುಸು ದನಿಯಲ್ಲಿರಲಿಲ್ಲ. ಬರಿಯ ದಿಗಿಲಿತ್ತು.

"ಸುಳ್ಳು ಹೇಳೋಕೆ ಇಷ್ಟ ಇಲ್ಲ ಅಕ್ಕ. ಮಾಡಿಸ್ತೀನಿ. ಬೇಡ ಅನ್ನೋ ಹಕ್ಕು ಅವರಿಗೆ ಇದ್ದೇ ಇದೆ. ಅವರು ಬೇಡ ಅಂದ್ರೆ ಅಲ್ಲಿಗೆ ಮುಗೀತು."

"ಅದೇ ನನ್ನ ಭಯ. ಅವನು ನಿನಗೆ ಯಾವತ್ತು ಬೇಡ ಅಂದಿದ್ದಾನೆ?"

"ಇದೊಂದಕ್ಕೆ ಅಂದಿದ್ದಾರೆ. ಕೇಳಿದಾಗಲೆಲ್ಲ."

"ಯಾಕೆ ಅಂದ ಅಂತ ಗೊತ್ತಾ ನಿನಗೆ?" ಅಕ್ಕ ಪುಟ್ಟ ಕಲ್ಲಿನ ಕಡೆ ಕೈ ತೋರಿಸಿದಳು. "ಸತ್ತವರಿಗೆ ಹಾಕಿದ ನೀರು ತಲುಪಲ್ಲ ಅಂತ ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಅವತ್ತು ಇದಕ್ಕೆ ಅವನೇ ನೀರು ಹಾಕಿದ್ದ."

ಅವಳು ಕಲ್ಲಿನ ಕಡೆ ತಿರುಗಿದಳು.

"ಪಾದ್ರಿ ಬರೋದು ತಡ ಆದ್ರೆ ಯಾರು ಬೇಕಾದ್ರೂ ಹಾಕಬಹುದು. ಗಾಜಿನ ಪೆಟ್ಟಿಗೆಯೊಳಗೆ ಕೈ ಹಾಕಿ, ಬಾಟಲಿ ನೀರು ಮೂರು ಸಲ ಹಣೆಗೆ ಬಿಟ್ಟು, ಪಿತನ, ಸುತನ ಅಂತ ಹೇಳಿದನಂತೆ. ಹೇಳಿ ಮುಗಿಸಿ ನೋಡಿದ್ರೆ ಮಗು ತಣ್ಣಗಾಗಿತ್ತು. ಉಸಿರು ಹೋದದ್ದು ನೀರಿಗೆ ಮುಂಚೆಯೋ, ಆಮೇಲೋ ಅವನಿಗೆ ಗೊತ್ತಾಗಲಿಲ್ಲ. ಸಾಯೋವರೆಗೂ ಗೊತ್ತಾಗಲಿಲ್ಲ. ಅವತ್ತು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ನನ್ನ ಹತ್ತಿರ ಅತ್ತ."

"ತಲುಪಲ್ಲ ಅಂತ ಅವರಿಗೆ ಹೇಳಿದ್ದು ಯಾರು?"

ಅಕ್ಕ ಮಣಿಗಳನ್ನು ಬೆರಳಿಗೆ ಸುತ್ತಿಕೊಂಡಳು. "ನಾನೇ. ಮುಂಚೆ ಹೋಗಿದ್ರೆ ಲೆಕ್ಕಕ್ಕಿಲ್ಲ, ಯಾರ ಹತ್ತಿರವೂ ಹೇಳಬೇಡ ಅಂದೆ. ಶಾಸ್ತ್ರ ಇರೋದು ಹಾಗೇ. ನಾನೇನು ಮಾಡಲಿ?"

ಅವಳು ಗೋಡೆಗೆ ಒರಗಿ ಕೂತಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನೀರು ಬೀಳಲಿಲ್ಲವೆಂದು ತಾನು ಮನೆಯ ದೇವರನ್ನೇ ಬದಲಿಸಿದೆ. ನೀರು ಬಿದ್ದದ್ದು ತಲುಪಿತೋ ಇಲ್ಲವೋ ಎಂದು ಅವನು ಎದುರು ಕುರ್ಚಿಯಲ್ಲಿ ಕೂತು ಕಾಫಿ ಕುಡಿದ. ಸತ್ತವರ ಸ್ನಾನದ ಮಾತೆತ್ತಿದಾಗಲೆಲ್ಲ ಅವನು ಬೇಡ ಎಂದದ್ದು ಹಟಕ್ಕೆ ಎಂದುಕೊಂಡಿದ್ದಳು.

"ನನಗೆ ಒಂದು ಮಾತು ಹೇಳಿದ್ದಿದ್ರೆ, ಅದಕ್ಕೆ ನೀರೇ ಬೇಕಾಗಿರಲಿಲ್ಲ ಕಣ್ರೀ ಅಂತಿದ್ದೆ."

"ನೀನು ಅಂತಿದ್ದೆ. ಅವನು ನಂಬ್ತಿರಲಿಲ್ಲ."

"ನಂಬದೇ ಇದ್ರೂ ಕೇಳಿಸ್ಕೊಳ್ತಿದ್ರು."

ಗುದ್ದಲಿಯವನು ದೂರದಲ್ಲಿ ನಿಂತು ಇವರು ಹೋಗುವುದನ್ನು ಕಾಯುತ್ತಿದ್ದ.

"ಅಕ್ಕ, ನೀರು ಹಾಕುವಾಗ ಹೆಸರಿಟ್ಟಿದ್ರಾ?"

"ಹೆಸರಿಡದೆ ಹೇಗೆ ಹಾಕ್ತಾರೆ?"

"ಏನಂತ?"

ಅಕ್ಕ ಕಷ್ಟಪಟ್ಟು ಬಗ್ಗಿ, ಅವಳ ಹೆಗಲ ಮೇಲೆ ಕೈಯೂರಿ, ಕಿವಿಯಲ್ಲಿ ಹೇಳಿದಳು. ಅವಳು ಕಣ್ಣು ಮುಚ್ಚಿ ಇನ್ನೊಂದು ಸಲ ಹೇಳಿಸಿಕೊಂಡಳು. ಆಮೇಲೆ ಅತ್ತಳು, ನಿನ್ನೆಯಿಂದ ಮೊದಲ ಸಲ, ಬಾಯಿಬಿಟ್ಟು.

* * *

ವಾಪಸ್ಸು ನಡೆದೇ ಬಂದರು. ಅಕ್ಕನಿಗೆ ಮಂಡಿನೋವು. ತಮ್ಮನ ಹೆಂಡತಿಯ ತೋಳು ಹಿಡಿದುಕೊಂಡಿದ್ದಳು. ಫೋಟೋ ಸ್ಟುಡಿಯೋದ ಕವಲಿಗೆ ಬಂದರು.

"ಅವನು ಅಲ್ಲೂ ಬೇಡ ಅಂದ್ರೆ ಏನು ಮಾಡ್ತೀಯ?" ಎಂದಳು ಅಕ್ಕ. ಪ್ರಮಾಣ ಮಾಡಿಸುವ ದನಿಯಲ್ಲ ಅದು. ತಿಳಿದುಕೊಳ್ಳಬೇಕಾಗಿತ್ತು, ಅಷ್ಟೇ.

"ಭಾನುವಾರ ಭಾನುವಾರ ಕೆಳಗಿಳಿದು ಬರ್ತೀನಿ."

ಅಕ್ಕನಿಗೆ ಅದು ಅರ್ಥವಾಗಲಿಲ್ಲ. ಬೀಗದವನ ಹೆಂಡತಿ ತೋಳು ಬಿಡಿಸಿಕೊಂಡು ಸ್ಟುಡಿಯೋದ ಹತ್ತಿರ ಹೋದಳು. ಕೀಲಿಗೊಂಚಲಿನ ಹಿತ್ತಾಳೆ ಕೊಳವೆಯ ಮುಚ್ಚಳ ತಿರುಗಿಸಿ ಶಟರಿನ ಬೀಗದ ಮೇಲೆ ಬಗ್ಗಿಸಿದಳು. ಅಳತೆ ಗೊತ್ತಿಲ್ಲದ ಕೈ. ಎಣ್ಣೆ ಹೆಚ್ಚಾಗಿ ಬೆರಳಿಗೆಲ್ಲ ಇಳಿಯಿತು.

"ಒಂದು ಹನಿ ಸಾಕು ಅಂತಿದ್ದ ಅವನು," ಎಂದಳು ಅಕ್ಕ ಹಿಂದಿನಿಂದ.

ಅವಳು ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡಳು. ಮಗುವಿನ ಹೆಸರನ್ನು ತುಟಿಯಲ್ಲೇ ಒಮ್ಮೆ ಹೇಳಿ ನೋಡಿದಳು. ಮನೆಯ ಕಡೆಗೆ ತಿರುಗಲಿಲ್ಲ. ಶಟರಿಗೆ ಬೆನ್ನು ಕೊಟ್ಟು, ಚರ್ಚಿನ ರಸ್ತೆಗೆ ಮುಖ ಮಾಡಿ ನಿಂತಳು. ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ ಅಕ್ಕ ಹಿಂತಿರುಗಿ ನೋಡಿ, ಕುಂಟುತ್ತ ಬಂದು ಅವಳ ಪಕ್ಕದಲ್ಲಿ ಶಟರಿಗೆ ಒರಗಿದಳು. ರಸ್ತೆ ಖಾಲಿಯಿತ್ತು. ಇಬ್ಬರೂ ಅದರ ತುದಿಯನ್ನೇ ನೋಡುತ್ತ ನಿಂತರು.